ಒಬ್ಬಳೇ ಅಮ್ಮ, ಮೂರು ರಿಟರ್ನು

ಬಾಗಿಲ ಸಂದಿಯಿಂದ ಲಕೋಟೆ ಒಳಗೆ ಬಿದ್ದಾಗ ಅಮ್ಮ ಒಂದು ಪ್ಯಾಂಟಿಗೆ ಹುಕ್ ಹಾಕ್ತಾ ಕೂತಿದ್ದಳು. ಪ್ಯಾಂಟು ಯಾರದ್ದೋ ಗಿರಾಕೀದು, ಸೂಜಿ ಸೊಸೇದು, ಬೆರಳು ಮಾತ್ರ ಸ್ವಂತದ್ದು. ಲಕೋಟೆ ಮೇಲಿನ ಭಾಷೆ ಅವಳಿಗೆ ಓದೋಕೆ ಬರಲ್ಲ. ಆದರೆ ಮೂಲೇಲಿದ್ದ ಮುದ್ರೆ ಚೆನ್ನಾಗಿ ಗೊತ್ತು. ಅವಳ ಪರ್ಮಿಟ್ ಕಾರ್ಡಿನ ಮೇಲೂ ಅದೇ ಇದೆ, ರೆಕ್ಕೆ ಬಿಚ್ಚಿದ ಹಕ್ಕಿ. ಈ ದೇಶದಲ್ಲಿ ಕೂತ್ಕೋ ಅನ್ನೋದೂ ಆ ಹಕ್ಕಿನೇ, ಹಾರಿ ಹೋಗು ಅನ್ನೋದೂ ಆ ಹಕ್ಕಿನೇ.

ಸೂಜಿ ಸ್ವಂತ ಬೆರಳಿಗೇ ಚುಚ್ಚಿತು.

ಅಮ್ಮ ಲಕೋಟೇನ ಸೋಫಾದ ದಿಂಬಿನ ಕೆಳಗೆ ತಳ್ಳಿ ಅದರ ಮೇಲೆ ಕೂತಳು. ಸರ್ಕಾರದ ಮೇಲೆ ಕೂತುಬಿಟ್ಟರೆ ಸರ್ಕಾರ ಸುಮ್ಮನಾಗತ್ತೆ ಅನ್ನೋ ಹಾಗೆ.

ಸಂಜೆ ನಡುವಿನ ಸೊಸೆ ಬಂದಳು. ಬಸ್‌ಸ್ಟ್ಯಾಂಡ್ ಪಕ್ಕ ಅವಳದ್ದೊಂದು ಆಲ್ಟರೇಷನ್ ಅಂಗಡಿ. ಉದ್ದದ್ದನ್ನ ಗಿಡ್ಡ ಮಾಡೋದು, ಬಿಗಿಯಾದದ್ದನ್ನ ಸಡಿಲ ಮಾಡೋದು. ಅಳತೆ ಟೇಪು ಕೊರಳಲ್ಲೇ ಇರತ್ತೆ, ಮನೆಗೆ ಬಂದ ಮೇಲೂ.

"ಏನತ್ತೆ, ಮೊಟ್ಟೆಗೆ ಕಾವು ಕೊಡೋ ಥರ ಕೂತಿದೀರಿ?"

"ಏನಿಲ್ವೇ. ಸೊಂಟ ಹಿಡ್ಕೊಂಡಿದೆ."

"ಸೊಂಟ ಹಿಡ್ಕೊಂಡೋರು ಮಲಗ್ತಾರೆ. ನೀವು ದಿಂಬು ಹಿಡ್ಕೊಂಡಿದೀರಿ. ಏಳಿ."

ಅಮ್ಮ ಎದ್ದಳು. ಸೊಸೆ ಲಕೋಟೆ ಒಡೆದು ಒಂದು ಸಲ ಓದಿದಳು, ಇನ್ನೊಂದು ಸಲ ಓದಿದಳು. ಯಾವ ಮಾತಿಗೂ ಮೊದಲೇ ಉತ್ತರ ಕತ್ತರಿಸಿ ಇಟ್ಟಿರೋ ಹುಡುಗಿ ಅವಳು. ಅವತ್ತು ಮೂರನೇ ಸಲವೂ ಓದಿದಳು. ಅಮ್ಮನಿಗೆ ನಿಜವಾದ ಭಯ ಹತ್ತಿದ್ದು ಆಗ.

"ಏನಂತೆ?"

"ತೆರಿಗೆ ಆಫೀಸಿಂದು. ನಿಮ್ಮ ಮೂರೂ ಮಕ್ಕಳು ಬರಬೇಕಂತೆ. ಜೊತೆಗೆ ನೀವೂ."

"ನಾನ್ಯಾಕೆ? ನಾನೇನು ದುಡೀತೀನಾ?"

ಅಷ್ಟರಲ್ಲಿ ಫೋನು ಬಡ್ಕೊಳ್ತು. ದೊಡ್ಡೋನು. "ನಿಮಗೂ ಬಂತಾ?" ಅಂದ. ಅವನ ಹಿಂದೇನೇ ಚಿಕ್ಕೋನು. "ಅತ್ತಿಗೆ, ನಿಮಗೂ ಬಂತಾ?" ಅಂದ.

ಆದದ್ದು ಏನು ಅಂತ ಹೇಳಬೇಕಾದರೆ ಈ ಮನೆತನದ ಟೈಮ್‌ಟೇಬಲ್ ಹೇಳಬೇಕು. ಅಮ್ಮನಿಗೆ ಮೂವರು ಗಂಡು ಮಕ್ಕಳು, ಮೂವರೂ ಈ ಊರಲ್ಲೇ. ದೊಡ್ಡೋನು ಔಷಧಿ ಅಂಗಡೀಲಿ ಮಾತ್ರೆ ಕೊಡ್ತಾನೆ, ನಡುವಿನೋನು ಸಿಟಿ ಬಸ್ ಓಡಿಸ್ತಾನೆ, ಚಿಕ್ಕೋನು ಲಿಫ್ಟ್ ರಿಪೇರಿ ಮಾಡ್ತಾನೆ. ಒಬ್ಬ ನುಂಗಿಸ್ತಾನೆ, ಒಬ್ಬ ಕೂರಿಸ್ತಾನೆ, ಒಬ್ಬ ಏರಿಸ್ತಾನೆ. ಅಪ್ಪ ತೀರಿಕೊಂಡ ಮೇಲೆ ಹುಟ್ಟೂರಿನ ಮನೆ ಮಾರಿ ಅಮ್ಮನನ್ನ ಈ ದೇಶಕ್ಕೆ ಕರ್ಕೊಂಡು ಬಂದರು. ಜಗಳ ಬೇಡ ಅಂತ ಪಾಳಿ ಮಾಡಿಕೊಂಡರು, ಒಬ್ಬೊಬ್ಬರ ಮನೇಲಿ ನಾಲ್ಕು ತಿಂಗಳು.

ಪಾಳಿ ಮುಗಿದ ಭಾನುವಾರ ಊಟ ಆದ ಮೇಲೆ, ಇಬ್ಬರ ಮನೆಗೂ ಅರ್ಧ ದಾರಿಯಲ್ಲಿರೋ ಪೆಟ್ರೋಲ್ ಬಂಕಲ್ಲಿ ಎರಡು ಕಾರು ನಿಲ್ತವೆ. ಅಮ್ಮನ ಸೂಟ್‌ಕೇಸು ಈ ಡಿಕ್ಕಿಯಿಂದ ಆ ಡಿಕ್ಕಿಗೆ, ಯಾರಿಗೂ ಡಿಕ್ಕಿ ಹೊಡೀದೆ, ದಾಟತ್ತೆ. ಬಿ.ಪಿ. ಮಾತ್ರೆ ಚೀಲ ಕೈಯಿಂದ ಕೈಗೆ. ಅಮ್ಮ ಈ ಸೀಟಿಂದ ಆ ಸೀಟಿಗೆ. "ಕಾಲು ನೋವು ಸ್ವಲ್ಪ ಜಾಸ್ತಿ ಇದೆ ಕಣೋ," ಅಂತ ಕೊಡೋನು ಹೇಳ್ತಾನೆ. "ಸರಿ ಸರಿ," ಅಂತ ತಗೊಳ್ಳೋನು. ಪೆಟ್ರೋಲ್ ಹಾಕೋ ಹುಡುಗರಿಗೂ ಅಮ್ಮನ ಮುಖ ಪರಿಚಯ.

ಪಾಳಿ ಎಲ್ಲ ಮಾತಾಡಿಕೊಂಡೇ ಮಾಡಿದರು. ಮಾತಾಡದೆ ಉಳಿದದ್ದು ಒಂದೇ, ದುಡ್ಡು. ಅಣ್ಣ ತಮ್ಮಂದಿರು ಹೆಂಡತಿ ಕೈರುಚಿ ಬಗ್ಗೆ ಬೇಕಾದರೂ ಜಗಳ ಆಡ್ತಾರೆ, ಸಂಬಳ ಎಷ್ಟು ಅಂತ ಒಬ್ಬರನ್ನೊಬ್ಬರು ಕೇಳಲ್ಲ. ತೆರಿಗೆ ರಿಟರ್ನ್ ತುಂಬೋ ಕಾಲ ಬಂದಾಗ ಮೂವರೂ ಅವರವರ ಅಡುಗೆಮನೆ ಟೇಬಲ್ ಮೇಲೆ, ಅವರವರ ಲ್ಯಾಪ್‌ಟಾಪ್ ಮುಂದೆ ಕೂತರು. ಮಷೀನು ಕೇಳಿತು: ವಯಸ್ಸಾದ ತಾಯಿ ನಿಮ್ಮ ಜೊತೆ ಇದ್ದಾರಾ? ಇದ್ದರೆ ರಿಯಾಯಿತಿ. ತಾಯಿ ನನ್ನ ಜೊತೆ ಇಲ್ಲ ಅಂತ ಒತ್ತೋಕೆ ಯಾವ ಮಗನಿಗೆ ತಾನೇ ಬೆರಳು ಬರತ್ತೆ? ಅದರಲ್ಲೂ ರಿಯಾಯಿತಿ ಇರುವಾಗ. ಮೂವರೂ ಭಕ್ತಿಯಿಂದ 'ಇದ್ದಾರೆ' ಅಂತ ಒತ್ತಿದರು. ಕೆಳಗೆ ಸಣ್ಣ ಅಕ್ಷರದಲ್ಲಿ 'ವರ್ಷದ ಅರ್ಧಕ್ಕಿಂತ ಹೆಚ್ಚು' ಅಂತ ಇತ್ತು. ದೊಡ್ಡ ಪ್ರೀತಿಯ ಮುಂದೆ ಸಣ್ಣ ಅಕ್ಷರ ಯಾರ ಕಣ್ಣಿಗೆ ಬೀಳತ್ತೆ.

ಮಷೀನಿನ ಕಣ್ಣಿಗೆ ಬಿತ್ತು. ಒಬ್ಬಳೇ ಅಮ್ಮ, ಒಂದೇ ವರ್ಷ, ಮೂರು ಮನೆ.

ಭಾನುವಾರ ಎಲ್ಲರೂ ದೊಡ್ಡೋನ ಮನೇಲಿ ಸೇರಿದರು. ಅಮ್ಮನನ್ನ ಟಿವಿ ಮುಂದೆ ಕೂರಿಸಿ, ಗಂಡು ಮಕ್ಕಳು ಅಡುಗೆಮನೆ ಬಾಗಿಲು ಹಾಕ್ಕೊಂಡರು. ಅಮ್ಮ ಟಿವಿ ಸದ್ದು ಕಮ್ಮಿ ಮಾಡಿದಳು.

"ದಂಡ ಕಟ್ಟಿದ್ರೆ ಮುಗೀತು ತಾನೇ?" ನಡುವಿನೋನು.

"ದಂಡ ಅಲ್ವೋ ದಂಡಪಿಂಡ, ಅಮ್ಮನ ಪರ್ಮಿಟ್ಟು," ಅಂದ ಚಿಕ್ಕೋನು. "ಮುಂದಿನ ತಿಂಗಳು ರಿನ್ಯೂ ಆಗ್ಬೇಕು. ಆ ಬಿಲ್ಡಿಂಗಲ್ಲಿ ಎರಡನೇ ಮಹಡಿ ತೆರಿಗೆ, ಮೂರನೇ ಮಹಡಿ ಪರ್ಮಿಟ್. ಲಿಫ್ಟ್ ಸರ್ವಿಸ್ ನಂದೇ. ಫೈಲ್ ಎರಡೂ ಒಂದೇ ಟ್ರಾಲೀಲಿ ಹೋಗೋದು ನಾನೇ ನೋಡಿದೀನಿ."

"ಅಂದ್ರೆ?"

"ಪರ್ಮಿಟಿಗೆ ಒಂದು ಮನೆ ಬೇಕು. ಮೂರು ಮನೆ ಅಂತ ಗೊತ್ತಾದ್ರೆ ಒಂದೂ ಇಲ್ಲ ಅಂತಾರೆ. ಟಿಕೆಟ್ ತಗೊಳ್ಳಿ ಅಂತಾರೆ."

ಟಿವೀಲಿ ಯಾರೋ ನಗ್ತಾ ಇದ್ದರು. ಅಮ್ಮನ ಕೈ ಎದೆ ಹತ್ತಿರ ಹೋಯ್ತು. ಅಲ್ಲಿ ಸೆರಗಿನ ಒಳಗೆ ಒಂದು ಪಿನ್ನು, ಪಿನ್ನಿನಲ್ಲಿ ಒಂದು ಪುಟ್ಟ ಕೀ. ಅದನ್ನ ಮುಟ್ಟಿ ನೋಡಿಕೊಳ್ಳೋದು ಅವಳ ಅಭ್ಯಾಸ. ಟಿಕೆಟ್ ಎಲ್ಲಿಗೆ? ಅಲ್ಲಿ ಬಾಗಿಲು ತೆಗೆಯೋರು ಯಾರೂ ಇಲ್ಲ, ತೆಗೆಯೋಕೆ ಬಾಗಿಲೂ ಇಲ್ಲ.

ಅರ್ಧ ಗಂಟೆ ಗುಸುಗುಸು ಆದ ಮೇಲೆ ದೊಡ್ಡೋನು ಹೊರಗೆ ಬಂದ. ಗಿರಾಕಿಗೆ ಹೇಳೋ ಧ್ವನೀಲೇ ಹೇಳಿದ. "ಅಮ್ಮಾ, ಸಿಂಪಲ್ಲು. ನೀನು ವರ್ಷಪೂರ್ತಿ ನನ್ನ ಜೊತೆ ಇರ್ತೀಯ. ಇವರಿಬ್ಬರ ಮನೆಗೆ ಆಗಾಗ ನೆಂಟಳಾಗಿ ಹೋಗಿ ಬರ್ತೀಯ. ಯಾರು ಕೇಳಿದ್ರೂ ಇಷ್ಟೇ. ಊಟಕ್ಕೆ ಮುಂಚೆ ಒಂದ್ಸಲ, ಊಟ ಆದ್ಮೇಲೆ ಒಂದ್ಸಲ ಹೇಳ್ಕೋ."

"ಹಂಗಂದ್ರೆ ಇವರಿಬ್ಬರೂ ಸುಳ್ಳು ಬರೆದ ಹಾಗಾಗಲ್ವೇನೋ?"

"ಗೊತ್ತಾಗ್ದೆ ಬರೆದ್ರು ಅಂತೀವಿ."

"ನೀನು?"

"ನಾನು ದೊಡ್ಡ ಮಗ," ಅಂದ, ಅದೇ ಒಂದು ದಾಖಲೆ ಅನ್ನೋ ಹಾಗೆ.

ಯಾರಾದರೂ ಮನೆ ನೋಡೋಕೆ ಬಂದರೆ ಅಂತ ಸ್ಟೋರ್‌ರೂಮನ್ನ ಅಮ್ಮನ ರೂಮು ಮಾಡಿದರು. ಅಕ್ಕಿ ಮೂಟೆ ಹೊರಗೆ, ಮಂಚ ಒಳಗೆ. ಇಸ್ತ್ರಿ ಟೇಬಲ್ ಇದ್ದ ಕಡೆ ಅಪ್ಪನ ಫೋಟೋ. ಹೊಸ ಮೊಳೆ ಪಳಪಳ ಹೊಳೀತಿತ್ತು. ಅದು ಹಳೇದಾಗಿ ಕಾಣಲಿ ಅಂತ ದೊಡ್ಡ ಸೊಸೆ ಕಾಫಿ ಡಿಕಾಕ್ಷನ್ ಬಳಿದಳು. ಅಪ್ಪ ಬದುಕಿದ್ದಾಗ ಡಿಕಾಕ್ಷನ್ ಸ್ಟ್ರಾಂಗ್ ಇರಲಿ ಅಂತಿದ್ದರು. ಕೊನೆಗೂ ಸಿಕ್ತು.

ಆಫೀಸಿಗೆ ಹೋಗೋ ದಿನ ಅಮ್ಮನನ್ನ ಕಾರ್ ಪಾರ್ಕಿಂಗಿಂದ ಕರ್ಕೊಂಡು ಬರ್ತಾ ಚಿಕ್ಕೋನು ಕಿವೀಲಿ ಹೇಳಿದ. "ಅಮ್ಮಾ, ಅಣ್ಣಂಗೆ ಹೇಳ್ಬೇಡ. ನೀನು ನನ್ನ ಮನೆ ಅಂದ್ಬಿಡು. ನನ್ನ ಪೌರತ್ವದ ಅರ್ಜಿ ಒಳಗಿದೆ. ನಂದು ಸುಳ್ಳು ಅಂತ ಆದ್ರೆ ಅದೂ ಹೋಗತ್ತೆ, ನಾನೂ ಹೋಗ್ತೀನಿ."

ನಡುವಿನೋನು ಏನೂ ಹೇಳಲಿಲ್ಲ. ಬಸ್ ಓಡಿಸಿ ಓಡಿಸಿ ಅವನಿಗೆ ಪ್ರಯಾಣಿಕರ ಜೊತೆ ಮಾತಾಡಬಾರದು ಅನ್ನೋ ಬೋರ್ಡು ಮೈಗೇ ಅಂಟಿಕೊಂಡಿತ್ತು. ಅಮ್ಮನ ಚಪ್ಪಲಿ ಪಟ್ಟಿ ಸರಿ ಮಾಡಿದ, ಅಷ್ಟೇ.

ಲಿಫ್ಟಲ್ಲಿ ಅಮ್ಮ ಟೈಲರ್ ಸೊಸೆ ಕೈ ಹಿಡಿದುಕೊಂಡಳು. "ಏನೇ, ರಿಟರ್ನ್ ಅಂದ್ರೆ ವಾಪಸ್ ಕಳಿಸೋದು ತಾನೇ?"

"ಅಯ್ಯೋ ಅತ್ತೆ, ಅದು ಟಿಕೆಟ್ಟಲ್ಲಿ. ಇದು ತೆರಿಗೆ ಲೆಕ್ಕ. ಅವರು ಕರ ಕೇಳ್ತಾರೆ, ನಾವು ಕರ ಮುಗೀತೀವಿ, ಅಷ್ಟೇ." ನಗಿಸೋಕೆ ಹೇಳಿದ್ದು. ಸೊಸೆ ಅಂಗೈಯೇ ಒದ್ದೆ ಇತ್ತು.

ಎರಡನೇ ಮಹಡಿ. ಬೂದು ಬಣ್ಣದ ಕಾರ್ಪೆಟ್ಟು, ಒಂದಕ್ಕೊಂದು ಬೋಲ್ಟ್ ಹಾಕಿದ ಕುರ್ಚಿಗಳು, ಗೋಡೆ ಮೇಲೆ ಟೋಕನ್ ನಂಬರ್ ತೋರಿಸೋ ಕೆಂಪು ದೀಪ. ಪ್ರತಿ ಸಲ ನಂಬರ್ ಬದಲಾದಾಗ ಒಂದು ಟಿಂಗ್. ಪ್ರತಿ ಟಿಂಗಿಗೂ ಅಮ್ಮ ಅರ್ಧ ಎದ್ದು ಕೂತಳು. ಒಳಗೇ ಹೇಳಿಕೊಂಡಳು, ದೊಡ್ಡ ಮಗನ ಮನೆ, ದೊಡ್ಡ ಮಗನ ಮನೆ. ನಡುವೆ ಚಿಕ್ಕೋನ ಮುಖ ಬರೋದು, ದೊಡ್ಡ ಮಗ ಚಿಕ್ಕ ಮಗ ಆಗೋದು, ಮತ್ತೆ ಮೊದಲಿಂದ ಶುರು ಮಾಡೋಳು.

ಟಿಂಗ್.

ಗಂಡು ಮಕ್ಕಳು ಹೊರಗೆ ಇರಬೇಕು ಅಂದರು. ವಯಸ್ಸಾದೋರ ಜೊತೆ ರಿಟರ್ನಿಗೆ ಸಹಿ ಹಾಕದ ಒಬ್ಬರು ಬರಬಹುದು. ಟೈಲರ್ ಸೊಸೆ ಒಳಗೆ ಹೋದಳು. ಅವಳ ಹಿಂದೆ ಅಮ್ಮ.

ಆಫೀಸರು ಒಬ್ಬ ಹೆಂಗಸು. ಮೂಗು ಕೆಂಪಗೆ, ನೆಗಡಿ. ಮುಗುಳ್ನಕ್ಕು ನೀರಿನ ಲೋಟ ಮುಂದೆ ತಳ್ಳಿದಳು. ಬೈದಿದ್ದರೆ ಅಮ್ಮನಿಗೆ ಇಷ್ಟು ಭಯ ಆಗ್ತಿರಲಿಲ್ಲ. ಮೇಜಿನ ಮೇಲಿದ್ದ ಫೋನಿನ ಸ್ಪೀಕರಿಂದ ಒಂದು ಗಂಡು ಧ್ವನಿ ಬಂತು, ಶುದ್ಧ ಕನ್ನಡದಲ್ಲಿ.

"ನಮಸ್ಕಾರ ಅಮ್ಮಾ. ನಾನು ಅನುವಾದ ಮಾಡೋನು. ನಾನು ಬರೀ ಬಾಯಿ. ಅವರು ಹೇಳಿದ್ದು ನಿಮಗೆ, ನೀವು ಹೇಳಿದ್ದು ಅವರಿಗೆ. ನಂದೂಂತ ಏನೂ ಸೇರಿಸಲ್ಲ, ಏನೂ ಬಿಡಲ್ಲ. ಸರೀನಾ?"

"ಸರಿಯಪ್ಪಾ. ಊಟ ಆಯ್ತಾ?"

"ಅದನ್ನೂ ಅನುವಾದ ಮಾಡ್ಬೇಕಾಗತ್ತೆ ಅಮ್ಮಾ," ಅಂದಿತು ಫೋನು. ಆಮೇಲೆ ಮಾಡಿತು. ಆಫೀಸರು, ಆಗಿದೆ, ಥ್ಯಾಂಕ್ಸ್ ಅಂದಳು.

"ನೀವು ಯಾರ ಮನೇಲಿ ಇರೋದು ಅಂತ ಕೇಳ್ತಿದಾರೆ."

"ದೊಡ್ಡ ಮಗನ ಮನೆ," ಅಂದಳು ಅಮ್ಮ. ಧ್ವನಿ ತನ್ನದಲ್ಲ ಅನ್ನಿಸಿತು.

"ವರ್ಷಪೂರ್ತಿ?"

"ಹೂಂ."

"ಹಗಲು ಮಗ ಸೊಸೆ ಕೆಲಸಕ್ಕೆ ಹೋದಾಗ ಒಬ್ಬರೇ ಇರ್ತೀರಾ? ಹೊರಗೆ ಹೋಗ್ತೀರಾ?"

ಇದು ಪಾಠದಲ್ಲಿ ಇರಲಿಲ್ಲ. "ಹೋಗ್ತೀನಿ. ಪಾರ್ಕಿಗೆ."

"ಬೀಗ ಯಾರು ಹಾಕ್ತಾರೆ?"

"ನಾನೇ."

"ಹಾಗಾದ್ರೆ ಮನೆ ಕೀ ನಿಮ್ಮ ಹತ್ರ ಇದೆ."

"ಹೂಂ." ಒಂದು ಹೂಂ ಇನ್ನೊಂದು ಹೂಂ ಕೈ ಹಿಡಿದು ಎಳ್ಕೊಂಡು ಬಂದಿತ್ತು.

ಆಫೀಸರು ಮೂಗು ಒರೆಸಿಕೊಂಡು ಮೆತ್ತಗೆ ಏನೋ ಹೇಳಿದಳು. "ಸ್ವಲ್ಪ ತೋರಿಸ್ತೀರಾ ಅಂತಿದಾರೆ."

ಅಮ್ಮನ ಕೈ ತಾನಾಗೇ ಸೆರಗಿನ ಒಳಗೆ ಹೋಯ್ತು. ಪಿನ್ನು ಬಿಚ್ಚಿ, ಕೀ ತೆಗೆದು ಮೇಜಿನ ಮೇಲೆ ಇಟ್ಟಳು. ಉಗುರಿನಷ್ಟು ಕೀ. ಆ ದೊಡ್ಡ ಮೇಜಿನ ಮೇಲೆ ಬಿದ್ದುಹೋದ ಹಾಲುಹಲ್ಲಿನ ಥರ ಕಾಣ್ತಿತ್ತು.

ಆಫೀಸರು ಅದನ್ನ ನೋಡಿದಳು. ಮುಟ್ಟಲಿಲ್ಲ.

"ಅಮ್ಮಾ, ಇದು ಯಾವ ಬಾಗಿಲಿಂದು ಅಂತ ಕೇಳ್ತಿದಾರೆ."

ದೊಡ್ಡ ಮಗನ ಮನೇದು ಅಂದುಬಿಡಬಹುದಿತ್ತು. ಬಾಯಿ ತೆರೆದಳು ಕೂಡ. ಆದರೆ ಅಷ್ಟು ಚಿಕ್ಕ ಕೀಗೆ ಬಾಗಿಲು ಎಲ್ಲಿಂದ ತರೋದು?

"ಬಾಗಿಲಿಂದಲ್ಲಪ್ಪಾ. ನನ್ನ ಸೂಟ್‌ಕೇಸಿಂದು. ಮನೆ ಕೀ ನನ್ನ ಹತ್ರ ಇಲ್ಲ. ಮೂರು ಮನೇದೂ ಇಲ್ಲ."

ಫೋನು ಅನುವಾದ ಮಾಡಲಿಲ್ಲ. ಮಾಡೋ ಬದಲು ತಗ್ಗಿದ ಧ್ವನೀಲಿ ಕೇಳಿತು. "ಅಮ್ಮಾ, ಇದನ್ನ ಹೇಳ್ಲಾ? ಒಂದ್ಸಲ ಹೇಳಿದ್ರೆ ಮತ್ತೆ ವಾಪಸ್ ತಗೊಳ್ಳೋಕೆ ಬರಲ್ಲ."

ಬರೀ ಬಾಯಿ ಅಂದೋನು. ಆಫೀಸರು ಪೆನ್ನಿಂದ ಫೋನು ತಟ್ಟಿ, ಏನು ಮಾತಾಡ್ತಿದೀರಿ ಇಬ್ಬರೂ, ಅನ್ನೋ ಥರ ಏನೋ ಕೇಳಿದಳು. ಅಮ್ಮ ಸೊಸೆ ಕಡೆ ನೋಡಿದಳು. ಸೊಸೆ ಕೊರಳಲ್ಲಿದ್ದ ಟೇಪಿನ ತುದೀನ ಬೆರಳಿಗೆ ಸುತ್ತಿ ಸುತ್ತಿ ಬೆರಳು ಬೆಳ್ಳಗಾಗಿತ್ತು.

"ಹೇಳಪ್ಪಾ," ಅಂದಳು ಅಮ್ಮ. "ಇವತ್ತಿನ ಸುಳ್ಳು ನಾಳೆಗೆ ನನಗೆ ನೆನಪಿರಲ್ಲ. ಮೂವರ ಮನೇಲೂ ಇರ್ತೀನಿ ಅಂತ ಹೇಳು. ನಾಲ್ಕು ನಾಲ್ಕು ತಿಂಗಳು. ಪೆಟ್ರೋಲ್ ಬಂಕಲ್ಲಿ ಬದಲಾಯಿಸ್ತಾರೆ."

ಪೆಟ್ರೋಲ್ ಬಂಕನ್ನ ಆಫೀಸರು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡಳು. ಆಮೇಲೆ ಸೊಸೆ ಕಡೆ ತಿರುಗಿ ಒಂದೇ ಪ್ರಶ್ನೆ ಕೇಳಿದಳು. ಅದಕ್ಕೆ ಅನುವಾದ ಬೇಕಿರಲಿಲ್ಲ, ಸೊಸೆಗೆ ಆ ಭಾಷೆ ಬರತ್ತೆ. ನೀವೂ ಕೀ ಕೊಟ್ಟಿಲ್ವಾ?

ಸೊಸೆ ತಲೆ ತಗ್ಗಿಸಿದಳು. ಕೊಡಬಾರದು ಅಂತ ಅವಳು ಯಾವತ್ತೂ ಅಂದುಕೊಂಡಿರಲಿಲ್ಲ. ನಾಲ್ಕು ತಿಂಗಳಿಗೆ ಯಾಕೆ ಅಂತ. ಅಷ್ಟೇ.

ಗಂಡು ಮಕ್ಕಳನ್ನ ಒಳಗೆ ಕರೆದರು. ಕುರ್ಚಿ ಎರಡೇ ಇದ್ದವು, ಮೂವರೂ ಗೋಡೆಗೆ ಅಂಟಿಕೊಂಡು ನಿಂತರು, ಹೋಮ್‌ವರ್ಕ್ ತರದ ಹುಡುಗರ ಹಾಗೆ. ಆಫೀಸರು ಹೇಳಿದಳು: ನಿಮ್ಮಲ್ಲಿ ಯಾರ ಮನೇಲೂ ಇವರು ಅರ್ಧ ವರ್ಷ ದಾಟಿಲ್ಲ. ಆದ್ದರಿಂದ ಯಾರಿಗೂ ರಿಯಾಯಿತಿ ಇಲ್ಲ. ಮೂವರೂ ರಿಟರ್ನ್ ತಿದ್ದಿ ಕೊಡಿ, ಬಿಟ್ಟದ್ದನ್ನ ಕಟ್ಟಿ. ಬೇಕಂತ ಮಾಡಿದ್ದು ಅಂತ ನಾನು ಬರೆಯಲ್ಲ.

ಚಿಕ್ಕೋನು ಗೋಡೆಗೆ ಒರಗಿದ. ದೊಡ್ಡೋನು ಕರ್ಚೀಫ್ ತೆಗೆದ.

"ಇನ್ನೊಂದು," ಅಂದಳು ಆಫೀಸರು. ಕರ್ಚೀಫ್ ಹಣೇಲೇ ನಿಂತಿತು. "ಈ ಫೈಲ್ ಮೇಲಿನ ಮಹಡಿಗೆ ಹೋಗತ್ತೆ. ಪರ್ಮಿಟಿಗೆ ಒಂದು ಮನೆ ಬೇಕು. ಇವತ್ತಿಂದ ಇವರು ನನ್ನ ಮನೇಲೇ ಖಾಯಂ ಇರ್ತಾರೆ ಅಂತ ಒಬ್ಬರು ಸಹಿ ಹಾಕಿದ್ರೆ ರಿನ್ಯೂ ಆಗತ್ತೆ. ಇಲ್ಲದಿದ್ರೆ ಆಗಲ್ಲ. ಯಾರು ಹಾಕ್ತೀರಿ?"

ಹಾಳೆ ಮೇಜಿನ ಮೇಲೆ ಬಂತು. ಪೆನ್ನೂ ಬಂತು.

ಲ್ಯಾಪ್‌ಟಾಪ್ ಕೇಳಿದಾಗ ಮೂವರೂ 'ಇದ್ದಾರೆ' ಅಂತ ಒತ್ತಿದ್ದರು. ಈಗ ಕೇಳ್ತಿರೋದು ಪೆನ್ನು. ಪಕ್ಕದ ರೂಮಲ್ಲಿ ಟಿಂಗ್ ಅಂತ ಕೇಳಿಸಿತು.

"ನಾವು ಮನೇಲಿ ಮಾತಾಡಿ..." ಅಂದ ದೊಡ್ಡೋನು.

"ನನ್ನ ಮನೇಲಿ ರೂಮು ಒಂದೇ..." ಅಂದ ಚಿಕ್ಕೋನು.

ನಡುವಿನೋನು ಅಮ್ಮನ ಚಪ್ಪಲಿ ನೋಡ್ತಿದ್ದ. ಅವನು ತಲೆ ಎತ್ತಿ ಹೆಂಡತಿ ಕಡೆ ನೋಡಿದ. ಮೂವರೂ ಕೆಟ್ಟೋರಲ್ಲ. ನಾಲ್ಕು ತಿಂಗಳು ಅಂದರೆ ಮೂವರೂ ಒಳ್ಳೆಯೋರೇ. ಅಮ್ಮನಿಗೆ ಅದು ಗೊತ್ತು. ಗೊತ್ತಿದ್ದದ್ದಕ್ಕೇ ಅವರ ಮುಖ ನೋಡೋ ಧೈರ್ಯ ಬರಲಿಲ್ಲ. ಮೇಜಿನ ಮೇಲಿದ್ದ ತನ್ನ ಕೀನೇ ನೋಡಿದಳು. ಅದನ್ನ ವಾಪಸ್ ತಗೋಬಹುದಾ ಬೇಡವಾ ಅಂತಾನೂ ತಿಳೀಲಿಲ್ಲ. ಸೂಟ್‌ಕೇಸಿನಲ್ಲಿ ಯಾವ ಸೀರೆ ಮೊದಲು ಇಡೋದು ಅಂತ ತಲೆ ಆಗಲೇ ಲೆಕ್ಕ ಹಾಕ್ತಿತ್ತು.

ಪೆನ್ನಿನ ಮುಚ್ಚಳ ತೆಗೆದ ಸದ್ದು.

"ಮನೆ ನನ್ನ ಹೆಸರಲ್ಲಿದೆ," ಅಂದಳು ಟೈಲರ್ ಸೊಸೆ, ಆಫೀಸರ ಭಾಷೇಲಿ. ಆಮೇಲೆ ಕನ್ನಡದಲ್ಲಿ, ಗಂಡನ ಕಡೆ ನೋಡದೆ, "ಈ ದೇಶಕ್ಕೆ ಮೊದಲು ಬಂದೋಳು ನಾನು. ನಿಮ್ಮನ್ನ ಆಮೇಲೆ ಕರೆಸ್ಕೊಂಡೆ. ನೆನಪಿದೆ ತಾನೇ?"

"ಇದೆ," ಅಂದ ಬಸ್ಸಿನೋನು. ಆ ದಿನ ಅವನು ಆಡಿದ ಮೊದಲ ಮಾತು ಅದು.

ಅವಳು ಹಾಕಿದ ಸಹಿ ಗೆರೆ ದಾಟಿ ಹೊರಗೆ ಹೋಯ್ತು. ನೂರಾರು ಪ್ಯಾಂಟಿಗೆ ನೇರ ಹೊಲಿಗೆ ಹಾಕಿದ ಕೈ.

ಲಿಫ್ಟಲ್ಲಿ ಇಳೀತಾ ಅಮ್ಮ ಕೇಳಿದಳು. "ಯಾಕೇ ಹಾಕಿದೆ?"

"ಹುಕ್ ಹಾಕೋರು ಬೇಕಲ್ಲ ಅತ್ತೆ. ಸಂಬಳ ಕೊಟ್ರೆ ತೆರಿಗೆ, ಅತ್ತೆಗೆ ಊಟ ಹಾಕಿದ್ರೆ ತೆರಿಗೆ ಇಲ್ಲ." ಲಿಫ್ಟ್ ಬಾಗಿಲು ತೆರೆದಾಗ ಅಂದಳು, "ಸಾರಿಗೆ ಉಪ್ಪು ಜಾಸ್ತಿ ಹಾಕ್ತೀರಿ ಅನ್ನೋದು ಮಾತ್ರ ಬಿಡಲ್ಲ. ಅದಕ್ಕೆ ನಾನು ಸಹಿ ಹಾಕಿಲ್ಲ."

ಪರ್ಮಿಟ್ ಬಂತು. ಹಕ್ಕಿ ಮತ್ತೆ ಕಾರ್ಡಿನ ಮೇಲೆ ಕೂತಿತು. ಭಯ ಮಾತ್ರ ರಿನ್ಯೂ ಆಗ್ತಾನೇ ಇತ್ತು. ಫೋನು ಬಂದರೆ ಭಯ, ಬಾಗಿಲ ಸಂದೀಲಿ ಪಿಜ್ಜಾ ಅಂಗಡಿ ಜಾಹೀರಾತು ಬಿದ್ದರೆ ಭಯ. ಸೊಸೆ ಒಂದು ದಿನ ಮನೆ ಕೀ ತಂದು ಟೀ ಲೋಟದ ಪಕ್ಕ ಇಟ್ಟಳು. ಅಮ್ಮ ಅದನ್ನ ಅದೇ ಪಿನ್ನಿಗೆ ಸಿಕ್ಕಿಸಿದಳು, ಹಳೇದರ ಜೊತೆ. ನಡೆದರೆ ಎರಡೂ ಒಂದಕ್ಕೊಂದು ತಾಗಿ ಸದ್ದು ಮಾಡೋವು.

ನಾಲ್ಕು ತಿಂಗಳು ಮುಗಿದ ಭಾನುವಾರ ಬಂತು. ಊಟ ಆಯ್ತು. ಅಮ್ಮ ರೂಮಿಗೆ ಹೋಗಿ ಸೀರೆಗಳನ್ನ ಮಡಚಿ ಮಂಚದ ಮೇಲೆ ಇಟ್ಟಳು. ಮಾತ್ರೆ ಚೀಲ ಇಟ್ಟಳು, ಕನ್ನಡಕದ ಡಬ್ಬಿ ಇಟ್ಟಳು. ಯಾರಾದರೂ ಬಂದು ಹೊರಡೋಣ ಅಂದರೆ ಕಾಯಿಸಬಾರದು. ಕೆಳಗೆ ಒಂದು ಕಾರು ಬಂದು ನಿಂತ ಸದ್ದಾಯ್ತು. ಬಗ್ಗಿ ಮಂಚದ ಕೆಳಗೆ ಕೈ ಹಾಕಿದಳು.

ಸೂಟ್‌ಕೇಸ್ ಇರಲಿಲ್ಲ.

"ಏನೇ," ಅಂತ ಕರೆದಳು. "ನನ್ನ ಪೆಟ್ಟಿಗೆ ಎಲ್ಲೇ?"

ಸೊಸೆ ಬಾಗಿಲಲ್ಲಿ ಬಂದು ನಿಂತಳು. ಮಂಚದ ಮೇಲಿನ ಸೀರೆ ನೋಡಿದಳು, ಚೀಲ ನೋಡಿದಳು. ಕೆಳಗಿನ ಕಾರು ಯಾರದ್ದೋ, ಆಗಲೇ ಹೊರಟುಹೋಗಿತ್ತು.

"ಅಟ್ಟದ ಮೇಲಿದೆ. ರಜಾಯಿ ಎಲ್ಲ ಅದರಲ್ಲಿ ತುಂಬಿದೀನಿ. ಮುಚ್ಚಳ ಒತ್ತಿದ್ದೇ ಬೀಗ ಬಿದ್ದುಬಿಡ್ತು. ಕೀ ಕೊಡಿ ಇಲ್ಲಿ, ಅಡುಗೆಮನೇಲಿ ಇಡ್ತೀನಿ."

ಅಮ್ಮ ಸೆರಗಿನ ಒಳಗೆ ಕೈ ಹಾಕಿದಳು. ಪಿನ್ನು ಸಿಕ್ತು. ಬಿಚ್ಚಲಿಲ್ಲ.

"ಇರ್ಲಿ ಬಿಡೇ. ನನ್ನ ಹತ್ರಾನೇ ಇರ್ಲಿ. ಒಂದು ವೇಳೆ..."

ಸೊಸೆ ಒಳಗೆ ಬಂದು, ಮಡಚಿಟ್ಟ ಸೀರೆಗಳನ್ನ ಒಂದೊಂದೇ ಎತ್ತಿ ಬೀರುವಿನಲ್ಲಿ ಇಡೋಕೆ ಶುರು ಮಾಡಿದಳು.

"ಆಯ್ತು, ನೀವೇ ಇಟ್ಕೊಳ್ಳಿ," ಅಂದಳು. "ಚಳಿಗಾಲ ಬಂದ್ರೆ ನಿಮ್ಮನ್ನ ಕೇಳ್ದೆ ಈ ಮನೇಲಿ ಯಾರೂ ಹೊದ್ಕೊಳ್ಳೋ ಹಾಗಿಲ್ಲ."